ಮೇಲಿನಿಂದ ಕೆಳಕ್ಕೆ ಏಳು

ಫೆಬ್ರವರಿ 3

ಸ್ಕೇಲಿಗೆ,

ಆರು ವರ್ಷ ಮಾತಿಲ್ಲ ಕತೆಯಿಲ್ಲ, ಈಗೇನು ಇದ್ದಕ್ಕಿದ್ದಂತೆ ಕಾಗದ ಎಂದು ಲಕೋಟೆ ಒಡೆಯುವಾಗಲೇ ಮೂಗು ಮುರಿದಿರುತ್ತೀಯ. ಮುರಿ. ನಿನ್ನದು ಮೊದಲೇ ಮೊಂಡು ಮೂಗು, ನಷ್ಟವೇನಿಲ್ಲ.

ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರದ ಪುರವಣಿಯ ಸಾಹಿತ್ಯ ಪದಬಂಧವನ್ನು ನಾನಿನ್ನೂ ಬಿಟ್ಟಿಲ್ಲ. ನೀನು ಹೋದ ಮೇಲೆ ಚೌಕ ಹಾಕಿ ಪದ ಕೂರಿಸುವುದೂ ನಾನೇ, ಸುಳಿವು ಬರೆಯುವುದೂ ನಾನೇ. ಹೇಗೋ ನಡೆಯಿತು. ಈಗ ಕಣ್ಣು ಕೈಕೊಟ್ಟಿದೆ. ಆ ಸಣ್ಣ ಮನೆಗಳಲ್ಲಿ ಅಕ್ಷರ ತುಂಬಲು ಆಗುತ್ತಿಲ್ಲ. ಆದ್ದರಿಂದ ಹಿಂದಿನ ಹಾಗೆ ನೀನು ಚೌಕ ತುಂಬಿ ಕಳಿಸು, ಸುಳಿವು ನನ್ನದು. ಹಳೆಯ ಕಟ್ಟಳೆಯೇ ಇರಲಿ: ನಿನ್ನ ಚೌಕಕ್ಕೆ ನಾನು ಕೈಹಾಕುವುದಿಲ್ಲ, ನನ್ನ ಸುಳಿವನ್ನು ನೀನು ಊರಿನ ಎಲ್ಲರಂತೆ ಭಾನುವಾರವೇ ನೋಡುವುದು.

ಅಕ್ಕನ ಮಗಳೆಂಬ ಸಲಿಗೆಯಿಂದ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನಷ್ಟು ನೇರವಾಗಿ ಗೆರೆ ಎಳೆಯುವವರು ಇಲ್ಲಿ ಸಿಗಲಿಲ್ಲ, ಅಷ್ಟೇ. ಅಕ್ಕ ತೀರಿಹೋಗಿ, ಹದಿಮೂರರ ನೀನು ಈ ಮನೆಗೆ ಬಂದಾಗ ನಿನ್ನ ಚೀಲದಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ, ಒಂದು ಸ್ಕೇಲು. ಅತ್ತು ಅತ್ತು ಸಾಕಾದಾಗ ಹಳೇ ಪೇಪರಿನ ಅಂಚಿನಲ್ಲಿ ಗೆರೆ ಎಳೆಯುತ್ತಾ ಕೂರುತ್ತಿದ್ದೆ. ಹೆಸರಿಟ್ಟದ್ದು ನಾನು, ಹೊರುತ್ತಿರುವುದು ನೀನು.

ಇಲ್ಲಿ ಎಲ್ಲವೂ ಇದ್ದ ಹಾಗೇ ಇದೆ. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರ ಯಂತ್ರ ಈಗಲೂ ಬೆಳಿಗ್ಗೆಯೇ ಗುಂಯ್ ಎನ್ನಲು ಶುರುಮಾಡುತ್ತದೆ. ಬಾಗಿಲ ಪಕ್ಕ ಒತ್ತಿದರೆ ಒಳಗೆ ಕೂಗುತ್ತಿತ್ತಲ್ಲ, ಅದು ಕೆಟ್ಟು ವರ್ಷವಾಯಿತು. ಒತ್ತುವವರು ಯಾರೂ ಇಲ್ಲದ ಮೇಲೆ ರಿಪೇರಿ ಯಾತಕ್ಕೆ ಎಂದು ಬಿಟ್ಟಿದ್ದೇನೆ. ಗೋಡೆಯ ಮೇಲೆ ತಿಂಗಳಿಗೊಂದು ಸಲ ಹಾಳೆ ತಿರುವುತ್ತೇವಲ್ಲ, ಅದನ್ನೂ ತಿರುವಿಲ್ಲ. ಅಲ್ಲಿನ್ನೂ ಜನವರಿ.

ಫೋನು ಮಾಡಬೇಡ. ಫೋನಿನಲ್ಲಿ ಆ ಕಡೆಯವರು ಉತ್ತರಕ್ಕೆ ಕಾಯುತ್ತಾ ಇರುತ್ತಾರೆ, ನನಗದು ಸರಿಹೋಗುವುದಿಲ್ಲ. ಕಾಗದಕ್ಕೆ ತಾಳ್ಮೆ ಹೆಚ್ಚು.

ಕೆಲಸ ಕೊಟ್ಟ ಸಂತೋಷದಲ್ಲಿ,
ಚಿಕ್ಕಮ್ಮ

*

ಫೆಬ್ರವರಿ 14

ಚಿಕ್ಕಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ತುಂಬಿದ ಚೌಕ ಇದರ ಜೊತೆಗಿದೆ. ಕಪ್ಪು ಮನೆಗಳು ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇವೆ, ಒಂದು ಸಲ ಮಡಿಸಿ ನೋಡಿಕೊಳ್ಳಿ. ಮುಂದಿನ ವಾರಗಳದ್ದನ್ನೂ ಹೀಗೇ ಕಳಿಸುತ್ತೇನೆ.

ಕಣ್ಣಿನ ವಿಷಯ. ನಾನೀಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ನಂಬರು ಹಿಡಿಯುವುದು ನನ್ನ ಕೆಲಸ. ನಿಮಗೆ ಹತ್ತಿರದ್ದು ಮಸುಕೋ, ದೂರದ್ದೋ? ಯಾವ ಕಣ್ಣು? ಹಳೆಯ ಚೀಟಿ ಇದ್ದರೆ ಕಳಿಸಿ, ಇಲ್ಲಿಂದಲೇ ಕನ್ನಡಕ ಮಾಡಿಸಿ ಕಳಿಸುತ್ತೇನೆ. ಅದು ನನ್ನ ಕಸುಬು, ಉಪಕಾರವಲ್ಲ.

ಇದರಿಂದ ನಮ್ಮಿಬ್ಬರ ನಡುವೆ ಏನೋ ಸರಿಹೋಯಿತೆಂದು ತಿಳಿಯಬೇಡಿ. ಚೌಕ ಕೇಳಿದಿರಿ, ಚೌಕ ಕಳಿಸಿದ್ದೇನೆ.

ನಿಮ್ಮ ಅಕ್ಕನ ಮಗಳು

*

ಮಾರ್ಚ್ 2

ಸ್ಕೇಲಿಗೆ,

ನೀವು, ನಿಮ್ಮ, ನಿಮಗೆ. ಒಬ್ಬಳೇ ಇರುವ ಮನೆಯಲ್ಲಿ ಇಷ್ಟೊಂದು ಬಹುವಚನ ಓದಿ, ನನ್ನ ಬೆನ್ನ ಹಿಂದೆ ಇನ್ನೂ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಚಹಾ ಮಾಡಿಕೊಡಬಹುದಿತ್ತು.

ಭಾನುವಾರ ನೋಡಿದೆಯಾ? ನೋಡಿಲ್ಲ ಎನ್ನಬೇಡ, ನೋಡಿಯೇ ಇರುತ್ತೀಯ. ಯತಿಗೆ ನಾನು ಬರೆದದ್ದು: "ಪದ್ಯದ ಸಾಲಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುವ ಸನ್ಯಾಸಿ." ಪ್ರಾಸಕ್ಕೆ: "ಎಲ್ಲಾ ಸಾಲಿನ ಎರಡನೇ ಅಕ್ಷರವೂ ತನ್ನದೇ ಆಗಬೇಕೆಂದು ಹಟ ಹಿಡಿಯುವುದು." ಅತಿಶಯೋಕ್ತಿಗೆ: "ಮನೆ ಬಾಡಿಗೆಗೆ ಕೊಡುವವರು ನೀರಿನ ಸೌಕರ್ಯದ ಬಗ್ಗೆ ಬಳಸುವ ಅಲಂಕಾರ." ಇದನ್ನು ಓದಿ ಪುರವಣಿಯ ಸಂಪಾದಕ ಫೋನಿನಲ್ಲಿ ಅರ್ಧ ನಿಮಿಷ ನಕ್ಕ. ನಾನು ಹೂಂ ಹೂಂ ಎಂದು ಇಟ್ಟುಬಿಟ್ಟೆ. ಹೂಂ ಎನ್ನುವುದು ಎಷ್ಟು ಒಳ್ಳೆಯ ಮಾತು ನೋಡು, ಎಲ್ಲದಕ್ಕೂ ಒದಗುತ್ತದೆ.

ಸ್ವಗತಕ್ಕೆ ಬರೆದದ್ದು ನನಗೇ ಅಷ್ಟು ಹಿಡಿಸಲಿಲ್ಲ: "ರಂಗದ ಮೇಲೆ ಅಪರೂಪಕ್ಕೆ, ಕೆಲವರ ಮನೆಗಳಲ್ಲಿ ದಿನವಿಡೀ." ಇರಲಿ, ಅಚ್ಚಾಗಿಹೋಯಿತು.

ಮೊನ್ನೆ ಒಂದು ತಮಾಷೆ. ನಮ್ಮ ಬೀಗ ಕಚ್ಚಿಕೊಂಡು, ಅದರೊಳಗೆ ಹಾಕಿ ತಿರುಗಿಸುವುದು ಬಾಗಿಹೋಯಿತು. ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಬೀಗಕ್ಕೆ ಹಾಕೋದು ಒಂದು ಮಾಡಿಕೊಡಪ್ಪ" ಅಂದೆ.

"ಎಣ್ಣೆನಾ ಅಮ್ಮ?"

"ಎಣ್ಣೆ ಅಲ್ಲ. ತಿರುಗಿಸೋದು."

"ಸ್ಕ್ರೂಡ್ರೈವರಾ?"

ಕೊನೆಗೆ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದೆ. ಅವನಿಗೆ ನಗು. "ಏನಮ್ಮ, ನನ್ ಹತ್ರನೂ ಪದಬಂಧ ಆಡ್ತೀರಲ್ಲ" ಅಂದ. ನಾನೂ ನಕ್ಕೆ. ಅವನ ಗಲ್ಲಾದ ಪಕ್ಕ ಪುರವಣಿ ಮಡಿಸಿಟ್ಟಿರುತ್ತದೆ, ನಾನು ಯಾರೆಂದು ಅವನಿಗೆ ಗೊತ್ತು. ಹಾಗಾಗಿ ಬಚಾವಾದೆ.

ಕಣ್ಣಿನ ಚೀಟಿ ಹುಡುಕುತ್ತಿದ್ದೇನೆ. ಎಲ್ಲಿಟ್ಟೆನೋ ಏನೋ.

ಬೆನ್ನ ಹಿಂದೆ ಯಾರೂ ಇಲ್ಲದ,
ಚಿಕ್ಕಮ್ಮ

*

ಮಾರ್ಚ್ 19

ಚಿಕ್ಕಮ್ಮನವರಿಗೆ,

ಚೀಟಿ ಹುಡುಕುವುದು ಬೇಡ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.

ಕಣ್ಣು ಮಂಜಾದವರ ಬರವಣಿಗೆಯನ್ನು ನಾನು ದಿನಾ ನೋಡುತ್ತೇನೆ. ಅಂಗಡಿಯ ರಸೀದಿಗೆ ರುಜು ಹಾಕುವಾಗಲೇ ಗೊತ್ತಾಗುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಸಾಲು ಬಲಕ್ಕೆ ಹೋಗುತ್ತಾ ಜಾರುತ್ತದೆ. ನಿಮ್ಮ ಎರಡೂ ಕಾಗದಗಳಲ್ಲಿ ಅಕ್ಷರ ಮೊದಲಿನಂತೆ ಸಾಸಿವೆ ಸಾಲು. ಗೆರೆಯಿಲ್ಲದ ಹಾಳೆಯಲ್ಲಿ ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಆಮೇಲೆ ಇನ್ನೊಂದು ವಿಷಯ ಕಂಡಿತು. ಕೀಲಿಕೈಗೆ ನೀವು ಕೀಲಿಕೈ ಎನ್ನಲಿಲ್ಲ. ಗೋಡೆಯ ಕ್ಯಾಲೆಂಡರಿಗೂ ಹೆಸರಿಲ್ಲ. ನಿಮ್ಮ ಚಮತ್ಕಾರ ನನಗೇನು ಹೊಸದೇ, ಹಾಗೇ ಇರಬೇಕು ಎಂದು ಮೊದಲು ನಕ್ಕೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ.

ಬೇಡವೆಂದರೂ ನಿನ್ನೆ ಫೋನು ಮಾಡಿದೆ. ನೀವು ಎತ್ತಿದಿರಿ. ನಾನು "ಹಲೋ, ನಾನು" ಅಂದೆ. ನನ್ನ ದನಿ ನಿಮಗೆ ಗುರುತು ಸಿಕ್ಕಿತು, ಅದು ನನಗೆ ಉಸಿರಿನಲ್ಲೇ ಗೊತ್ತಾಯಿತು. "ಓ... ನೀನು... ಆ..." ಎಂದಿರಿ, ಇನ್ನೊಂದು ಸಲ "ಆ..." ಎಂದಿರಿ, ಇಟ್ಟುಬಿಟ್ಟಿರಿ.

ಏನಾಗಿದೆ, ನೇರವಾಗಿ ಹೇಳಿ.

ಅಕ್ಕನ ಮಗಳು

*

ಏಪ್ರಿಲ್ 4

ಗೆರೆ ಎಳೆಯುವವಳೇ,

ಕತ್ತಲೆ ಕೋಣೆಯಲ್ಲಿ ಕೂರಿಸಿ ಊರವರ ಕಣ್ಣು ಬಿಡಿಸುವವಳಿಗೆ ಸುಳ್ಳು ಹೇಳಲು ಹೊರಟೆನಲ್ಲ, ನನ್ನ ಬುದ್ಧಿಗಿಷ್ಟು. ಸರಿ, ಕೇಳು.

ನವೆಂಬರಿನ ಒಂದು ಬೆಳಿಗ್ಗೆ. ಚಹಾಕ್ಕೆ ಸಕ್ಕರೆ ಹಾಕಿ, ಕಲಕುವುದನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಹಿಡಿದದ್ದರ ಹೆಸರು ಬರಲಿಲ್ಲ. ಹೆಸರು ಇರಬೇಕಾದಲ್ಲಿ ಖಾಲಿ ಮನೆ. ಮೂರಕ್ಷರ ಎಂದು ಗೊತ್ತು, ನಡುವಿನದು "ಮ" ಎಂದೂ ಗೊತ್ತು, ಆಚೆ ಈಚೆ ಏನೂ ಇಲ್ಲ. ಚಹಾ ತಣ್ಣಗಾಗುವವರೆಗೆ ಹಾಗೇ ನಿಂತಿದ್ದೆ. ನನಗೆ, ನೀನೇ ಹೇಳು, ನನಗೆ ಪದ ಬರಲಿಲ್ಲ.

ಡಾಕ್ಟರ ಹತ್ತಿರ ಹೋದೆ. ಕೆಳಗಿನ ಹಲ್ಲಿನವರಲ್ಲ, ದೊಡ್ಡ ಆಸ್ಪತ್ರೆಯ ತಲೆಯ ಡಾಕ್ಟರು. ಹುಡುಗಿ, ನಿನಗಿಂತ ಚಿಕ್ಕವಳು. ಒಂದೊಂದೇ ಚಿತ್ರ ತೋರಿಸಿ ಇದೇನು ಅದೇನು ಎಂದು ಕೇಳಿದಳು. ಒಂದು ಚಿತ್ರಕ್ಕೆ ನಾನು ಹೇಳಿದೆ: "ತೆರೆದರೆ ಚಾವಣಿ, ಮಡಿಸಿದರೆ ಕೋಲು, ಬಸ್ಸಲ್ಲಿ ಮರೆತರೆ ಇನ್ನೊಬ್ಬರದು."

"ಚೆನ್ನಾಗಿದೆ ಅಮ್ಮ, ಆದ್ರೆ ಅದರ ಹೆಸರು ಹೇಳಿ."

"ಎಷ್ಟು ಅಕ್ಷರ ಅಂತ ಬೇಕಾದ್ರೆ ಹೇಳ್ತೀನಿ. ಎರಡು."

ಅವಳು ನಗುತ್ತಿದ್ದಳು. ಆಮೇಲೆ ನಗಲಿಲ್ಲ. ತಲೆಯೊಳಗಿನ ಸಣ್ಣ ನಾಳಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತಿವೆಯಂತೆ. ಏನೆಂದು ಗೊತ್ತಾಗುತ್ತದೆ, ಎದುರು ಬರೆದಿಟ್ಟರೆ ಓದಲೂ ಬರುತ್ತದೆ, ಹುಡುಕಿ ತೆಗೆಯಲು ಹೋದರೆ ಹೆಸರು ಸಿಗುವುದಿಲ್ಲ. ಮನೆಯ ಸಾಮಾನುಗಳ ಹೆಸರು ಮೊದಲು ಹೋದವು. ಅಲಂಕಾರ, ಛಂದಸ್ಸುಗಳೆಲ್ಲ ಗಟ್ಟಿಯಾಗಿ ಕೂತಿದ್ದವು, ಈಗ ಅವೂ ಒಂದೊಂದೇ ಎದ್ದು ಹೋಗುತ್ತಿವೆ. ಸುಳಿವು ಮಾತ್ರ ಹೋಗಿಲ್ಲ. ಬಾಯಿ ತೆರೆದರೆ ಸುಳಿವೇ ಬರುತ್ತದೆ. ಜೀವಮಾನವಿಡೀ ಊರಿಗೆಲ್ಲ ಸುಳಿವು ಕೊಟ್ಟವಳಿಗೆ ಉತ್ತರ ಹೇಳುವವರು ಬೇಕಾಗಿದ್ದಾರೆ. ಅದಕ್ಕೇ ನಿನ್ನ ಚೌಕ ಕೇಳಿದ್ದು. ಪದ ನೀನು ಎದುರಿಗಿಟ್ಟರೆ ನಾನು ಬರೆಯಬಲ್ಲೆ.

"ಜೊತೇಲಿ ಯಾರಾದ್ರೂ ಇದ್ದು, ಇದು ಇದು ಅಂತ ಹೆಸರು ಹೇಳ್ತಾ ಮಾತಾಡಿಸ್ತಾ ಇದ್ರೆ ಎಷ್ಟೋ ವಾಪಸ್ ಬರುತ್ತೆ ಅಮ್ಮ. ಮನೇಲಿ ಯಾರಿದ್ದಾರೆ?" ಎಂದಳು. ಈ ಪ್ರಶ್ನೆಗೆ ಮಾತ್ರ ತಡವರಿಸದೆ ಉತ್ತರ ಬಂತು. ಯಾರೂ ಇಲ್ಲ.

ಪುರವಣಿಯವರಿಗೆ ಹೇಳಿಲ್ಲ. ಹೇಳಿದರೆ ಪದಬಂಧ ಹೋಗುತ್ತದೆ. ಅದೂ ಹೋದರೆ ನನ್ನ ಮನೆ ಮೆಟ್ಟಿಲು ಹತ್ತಲು ಅಂಚೆಯವನಿಗೂ ಕಾರಣವಿರುವುದಿಲ್ಲ.

ಒಂದು ಸಲ ಬಂದು ಹೋಗು. ನಾಲ್ಕು ದಿನ ಇದ್ದು ಹೋಗು. ಹೆದರಿಕೆಯಾಗುತ್ತದೆ ಕಣೇ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುತ್ತಿತ್ತು, ಹಾಗೆ ಹೇಳಿಲ್ಲ ನೋಡು.

ಚಿಕ್ಕಮ್ಮ

*

ಏಪ್ರಿಲ್ 20

ಚಿಕ್ಕಮ್ಮನವರಿಗೆ,

ಕಾಗದ ಓದಿದ ದಿನ ಸಂಜೆ ಬಸ್ ನಿಲ್ದಾಣಕ್ಕೆ ಹೋದೆ. ಟಿಕೆಟಿನ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇಬ್ಬರಿದ್ದಾಗ ಸಾಲು ಬಿಟ್ಟು ವಾಪಸು ಬಂದೆ. ಯಾಕೆಂದು ಹೇಳುತ್ತೇನೆ. ನಾನು ಯಾಕೆ ದೂರವಾದೆನೆಂದು ಆರು ವರ್ಷದಲ್ಲಿ ನೀವು ಒಂದು ಸಲವೂ ಕೇಳಲಿಲ್ಲ. ನನಗೇ ಹೇಳಬೇಕಾಗಿದೆ.

ನನ್ನ ಗಂಡ ನನ್ನನ್ನು ಬಿಟ್ಟುಹೋದ ದಿನ ಏನೇನಾಯಿತೆಂದು ನಾನು ಹೇಳಿದ್ದು ಲೋಕದಲ್ಲಿ ಒಬ್ಬರಿಗೇ. ನಿಮ್ಮ ಅಡುಗೆಮನೆಯಲ್ಲಿ, ನಿಮ್ಮ ಮಡಿಲಲ್ಲಿ ತಲೆಯಿಟ್ಟು ಹೇಳಿದ್ದೆ. ಅವನ ಸೂಟ್‌ಕೇಸಿನ ಜಿಪ್ಪು ಕಿತ್ತುಹೋಗಿತ್ತು, ಗೂಟದಲ್ಲಿದ್ದ ನನ್ನ ಶಾಲನ್ನೇ ತೆಗೆದು ಅದಕ್ಕೆ ಬಿಗಿದುಕೊಂಡು ಹೋದ, ನಾನು ಆ ಗಂಟು ಸರಿಯಾಗಿ ಬಿತ್ತೋ ಇಲ್ಲವೋ ಎಂದು ನೋಡುತ್ತಾ ಬಾಗಿಲಲ್ಲಿ ನಿಂತಿದ್ದೆ ಎಂದು.

ಎರಡು ತಿಂಗಳಾದ ಮೇಲೆ ನಾನು ಆಗ ಇದ್ದ ಆಫೀಸಿನಲ್ಲಿ, ಊಟದ ಹೊತ್ತಿನಲ್ಲಿ, ಪಕ್ಕದ ಮೇಜಿನವಳು ನಿಮ್ಮ ಪದಬಂಧ ಹಿಡಿದು ಗಟ್ಟಿಯಾಗಿ ಓದಿದಳು. "ಜಿಪ್ಪು ಕೆಟ್ಟ ಪೆಟ್ಟಿಗೆಗೆ ಹೆಂಡತಿಯ ಶಾಲನ್ನೇ ಬಿಗಿದು ಗಂಡ ಹೊರಟ ಮೇಲೆ ಅವಳ ಪಾಲಿಗೆ ಉಳಿಯುವ ಶೃಂಗಾರ, ನಾಲ್ಕಕ್ಷರ." ಎಲ್ಲರೂ ಆಹಾ ಎಂದರು. ವಿಪ್ರಲಂಭ, ಅಗಲಿದವರ ಶೃಂಗಾರ, ಎಂದು ಯಾರೋ ಬಿಡಿಸಿದರು. ಆ ಪದವನ್ನು ಚೌಕದಲ್ಲಿ ಕೂರಿಸಿದ್ದು ನಾನೇ. "ಲಂ" ಹೊಂದಿಕೊಂಡಿತೆಂದು ಇಟ್ಟಿದ್ದೆ. ಅದು ನಾನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಯಾರಾದರೂ ಒಬ್ಬರು ನನ್ನ ಪಕ್ಕ ಬಂದು ಕೂರುತ್ತಿದ್ದರೇನೋ. ನಾನು ಡಬ್ಬಿ ಮುಚ್ಚಿ ಎದ್ದು ಹೋದೆ.

ನಿಮ್ಮ ಮೇಲೆ ನನಗೆ ಕೋಪ ಬಂದದ್ದು ನೀವು ಬರೆದದ್ದಕ್ಕಲ್ಲ. ಮಡಿಲಲ್ಲಿ ತಲೆಯಿಟ್ಟು ಅಳುವಾಗ ನೀವು ನನ್ನ ಕೂದಲು ನೇವರಿಸುತ್ತಾ ಅಕ್ಷರ ಎಣಿಸುತ್ತಿದ್ದಿರಿ ಎಂದು ಅವತ್ತು ಗೊತ್ತಾಯಿತು.

ಈ ಸಲದ ಚೌಕ ಜೊತೆಗಿದೆ. ಮೇಲಿನಿಂದ ಕೆಳಕ್ಕೆ ಏಳನ್ನು ನೋಡಿ. ಈ ಸಲ ಹೊಂದಿಕೊಂಡಿತೆಂದು ಇಟ್ಟದ್ದಲ್ಲ. ಅದೇ ಪದಕ್ಕೆ ಇನ್ನೊಂದು ಸುಳಿವು ಬರೆಯಿರಿ. ನನಗೆ ಮೊದಲೇ ತೋರಿಸಬೇಡಿ, ಎಲ್ಲರಂತೆ ಭಾನುವಾರ ಓದುತ್ತೇನೆ. ಓದಿದ ಮೇಲೆ ಬರುವುದೋ ಬೇಡವೋ ಎಂದು ನೋಡುತ್ತೇನೆ. ಕಾಯಿಲೆಯವರ ಹತ್ತಿರ ಹೀಗೆ ಚೌಕಾಸಿ ಮಾಡಬಾರದೆಂದು ನನಗೂ ಗೊತ್ತು.

ಅಕ್ಕನ ಮಗಳು

*

ಮೇ 6

ಕನ್ನಡಕದ ಅಂಗಡಿಯವಳೇ,

ಮೇಲಿನಿಂದ ಕೆಳಕ್ಕೆ ಏಳು ನೋಡಿದೆ. ನೋಡಿ, ಚೌಕವನ್ನು ಮಗುಚಿಟ್ಟು, ಎರಡು ದಿನ ಅದರ ಮೇಲೆ ತಟ್ಟೆ ಇಟ್ಟಿದ್ದೆ.

ಅಂದಿನ ಸುಳಿವು ಒಳ್ಳೆಯ ಸುಳಿವೇ. ಈಗಲೂ ಹಾಗೆಯೇ ಹೇಳುತ್ತೇನೆ. ಓದುಗರಿಂದ ಅಷ್ಟು ಕಾಗದ ಇನ್ಯಾವುದಕ್ಕೂ ಬರಲಿಲ್ಲ. ಕೆಟ್ಟ ಸುಳಿವಾಗಿದ್ದರೆ ನಿನಗೆ ಇಷ್ಟು ನೋವಾಗುತ್ತಿರಲಿಲ್ಲ. ಬೈದುಕೋ.

ಅಕ್ಷರ ಎಣಿಸುತ್ತಿದ್ದೆ ಎಂದೆಯಲ್ಲ. ಎಣಿಸುತ್ತಿದ್ದೆ. ಅಕ್ಕ ಉಸಿರು ಬಿಡುವಾಗಲೂ ನಾನು ಪಕ್ಕದಲ್ಲಿ ಕೂತು ಏನನ್ನೋ ಎಣಿಸುತ್ತಿದ್ದೆ. ಕೆಲವರು ಅಳುತ್ತಾರೆ, ಕೆಲವರು ಉಗುರು ಕಚ್ಚುತ್ತಾರೆ. ಇದನ್ನು ಸಮಜಾಯಿಷಿಗೆ ಹೇಳುತ್ತಿಲ್ಲ, ಕೇಳಿದೆ ಎಂದು ಹೇಳಿದೆ.

ಬಸ್ಸಿನಲ್ಲಿ ಇನ್ನೊಬ್ಬರ ಕಾಲು ತುಳಿದರೆ ಹೇಳುತ್ತಾರಲ್ಲ, ಒಂದು ಮಾತು, ಅದನ್ನು ನಿನಗೆ ಬರೆಯಬೇಕೆಂದು ಬೆಳಿಗ್ಗೆಯಿಂದ ಕೂತಿದ್ದೇನೆ. ಬರುತ್ತಿಲ್ಲ. ನೆಪ ಎನ್ನಬೇಡ, ನಿಜವಾಗಿ ಬರುತ್ತಿಲ್ಲ. ತಲೆ ಕೆಡುವ ಮೊದಲೂ ಆ ಮಾತು ನನ್ನ ಬಾಯಿಗೆ ಸಲೀಸಾಗಿ ಬರುತ್ತಿರಲಿಲ್ಲ ಎನ್ನುವುದೂ ನಿಜ.

ಇನ್ನೊಂದು. ನಿನ್ನನ್ನು ನಾನು ಒಂದು ಹೆಸರಿಟ್ಟು ಕರೆಯುತ್ತಿದ್ದೆ. ಗೆರೆ ಎಳೆಯುವಾಗ ಹಾಳೆಯ ಮೇಲೆ ಇಡುತ್ತಾರಲ್ಲ, ಅದರ ಹೆಸರೇ. ಸಾಮಾನುಗಳ ಹೆಸರಿನ ಜೊತೆ ಅದೂ ಹೊರಟುಹೋಗಿದೆ. ಫೋನಿನಲ್ಲಿ ಅವತ್ತು ತಡಕಾಡಿದ್ದು ಅದಕ್ಕೇ. ಚಮತ್ಕಾರಕ್ಕೆಂದು ಸಾಮಾನಿನ ಹೆಸರಿಟ್ಟೆನಲ್ಲ, ಮನುಷ್ಯರ ಹೆಸರಿಡಬೇಕಿತ್ತು. ನನ್ನ ಹಳೆಯ ಕಾಗದಗಳು ನಿನ್ನ ಹತ್ತಿರ ಇದ್ದರೆ ಮೊದಲ ಸಾಲು ನೋಡಿ ತಿಳಿಸು. ಅದೊಂದು ಇಲ್ಲದೆ ಬಹಳ ಸಂಕಟವಾಗುತ್ತಿದೆ.

ಸುಳಿವು ಬರೆದು ಪುರವಣಿಗೆ ಕಳಿಸಿದ್ದೇನೆ. ಶಾಸ್ತ್ರದ ಪ್ರಕಾರ ಅದು ತಪ್ಪು. ಬೇಕೆಂದೇ ಮಾಡಿದ ತಪ್ಪು. ಇಷ್ಟು ವರ್ಷದಲ್ಲಿ ಮೊದಲನೆಯದು.

ಚಿಕ್ಕಮ್ಮ

*

ಮೇ 29

ನಿನಗೆ,

ಮುಗಿಯಿತು. ಇನ್ನು ಚೌಕ ಕಳಿಸಬೇಡ.

ನಾನು ಅಂದುಕೊಂಡ ಹಾಗೇ ಓದುಗರೊಬ್ಬರು ಆಕ್ಷೇಪ ಬರೆದರು. ಮೇಲಿನಿಂದ ಕೆಳಕ್ಕೆ ಏಳು ತಪ್ಪು, ಆ ಪದ ಪ್ರೇಮಿಗಳಿಗೆ ಮಾತ್ರ ಸಲ್ಲುವುದು, ಹಾಗೆಂದು ಸುಳಿವೇ ಒಪ್ಪಿಕೊಂಡೂ ಅದನ್ನು ಬೇರೆ ಯಾರಿಗೋ ಕೊಟ್ಟಿದೆ ಎಂದು ಎರಡು ಪುಟ. ಸಂಪಾದಕ ಫೋನು ಮಾಡಿದ. ನಾನು ಹೂಂ ಎಂದೆ. ಅವನು ಬಿಡಲಿಲ್ಲ.

"ಅಲ್ಲ ಮೇಡಂ, ಅದಕ್ಕೆ ಉತ್ತರ ಏನು ಅಂತ ಇಟ್ಕೊಂಡಿದ್ರಿ ನೀವು?"

ಚೌಕ ಒಳಗೆ ಇತ್ತು. ತಂದು ನೋಡುತ್ತೇನೆ ಎಂದು ಹೇಳುವುದೂ ಹೊಳೆಯಲಿಲ್ಲ. "ದೂರ ಇರೋರದ್ದು" ಅಂದೆ.

"ಏನದು?"

"ನಾಲ್ಕಕ್ಷರ. ದೂರ ಇರೋರದ್ದು. ಒಬ್ರು ಇಲ್ಲಿ, ಒಬ್ರು ಅಲ್ಲಿ."

ಒಳ್ಳೆಯವನು, ನಗಲಿಲ್ಲ. "ಎಷ್ಟು ದಿನದಿಂದ ಮೇಡಂ ಹೀಗೆ?" ಅಂದ. ಹಿಂದಿನಿಂದ ಆಫೀಸಿನ ಗಲಾಟೆ ಕೇಳುತ್ತಿತ್ತು, ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು, ಎಷ್ಟು ಸಲೀಸಾಗಿ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಎಂದ. ಅದರ ಅರ್ಥ ಬಿಡಿಸಲು ನನಗೆ ಯಾರೂ ಬೇಕಾಗಿಲ್ಲ. ಮುಂದಿನ ಭಾನುವಾರದಿಂದ ಆ ಜಾಗದಲ್ಲಿ ಅಂಕಿಗಳ ಆಟ ಬರುತ್ತದಂತೆ.

ಹೀಗಾಗಿ ನಿನಗೆ ಬರೆಯಲು ನನ್ನ ಹತ್ತಿರ ನೆಪ ಉಳಿದಿಲ್ಲ. ಕೆಲಸವಿದೆ ಎಂದು ಬರೆದೆ, ಕೆಲಸ ಹೋಯಿತು. ನೀನು ಭಾನುವಾರದ್ದನ್ನು ಓದಿದೆಯೋ ಇಲ್ಲವೋ ಗೊತ್ತಿಲ್ಲ. ಅಂಚೆಯವನು ನಿನ್ನೆಯೂ ಇವತ್ತೂ ಹಲ್ಲಿನ ಡಾಕ್ಟರ ಮಹಡಿಯಲ್ಲೇ ತಿರುಗಿ ಇಳಿದುಹೋದ. ಓದಿ ಸುಮ್ಮನಿದ್ದರೆ ಅದೂ ಉತ್ತರವೇ. ನಿನ್ನ ಮೇಲೆ ಬೇಸರವಿಲ್ಲ.

ಸಂಜೆಗಳು ಉದ್ದವಾಗಿವೆ. ಮನೆಯ ಸಾಮಾನುಗಳ ಮುಂದೆ ಒಂದೊಂದಾಗಿ ಹೋಗಿ ನಿಲ್ಲುತ್ತೇನೆ. ಅವಕ್ಕೆ ನಾನು ಗೊತ್ತು, ನನಗೆ ಅವು ಗೊತ್ತು, ಮಾತಿಲ್ಲ.

ಚಿಕ್ಕಮ್ಮ

*

ಜೂನ್ 4

ಚಿಕ್ಕಮ್ಮ,

ಭಾನುವಾರದ್ದನ್ನು ಓದಿದೆ. ಅಂಗಡಿಯ ಕತ್ತಲೆ ಕೋಣೆಯಲ್ಲಿ, ಗೋಡೆಯ ಅಕ್ಷರಗಳಿಗೆಂದು ಹಾಕುವ ದೀಪದ ಬೆಳಕಿನಲ್ಲಿ ಓದಿದೆ. ಹೊರಗೆ ಒಬ್ಬರು ಕನ್ನಡಕಕ್ಕೆ ಕಾಯುತ್ತಿದ್ದರು, ಕಾಯಲಿ ಎಂದು ಇನ್ನೊಂದು ಸಲ ಓದಿದೆ.

"ಬಾಗಿಲ ಪಕ್ಕದ್ದು ಕೆಟ್ಟು ವರ್ಷವಾದರೂ, ಅದು ಕೂಗಿತೆಂದು ಎದ್ದು ಹೋಗಿ ಖಾಲಿ ಮೆಟ್ಟಿಲು ನೋಡಿ ಬರುವ ಮುದುಕಿಯ ಪಾಡು. ಶಾಸ್ತ್ರ ಇದನ್ನು ಪ್ರೇಮಿಗಳಿಗಷ್ಟೇ ಕೊಟ್ಟಿದೆ (4)."

ಇಷ್ಟು ವರ್ಷ ನೀನು ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಸುಳಿವು ಬರೆದೆ. ಇದೊಂದು ನಿನ್ನ ಬಾಗಿಲಿನದು. ಊರೆಲ್ಲ ಓದುವಲ್ಲಿ ಬರೆದೆ. ಆಕ್ಷೇಪಿಸಿದ ಆ ಓದುಗರ ವಿಳಾಸ ಸಿಕ್ಕಿದರೆ ನಾಲ್ಕು ಮಾತು ನಾನೂ ಬರೆಯುತ್ತೇನೆ.

ಆಮೇಲೂ ನಾನು ಬೇಗ ಬರೆಯಲಿಲ್ಲ. ದಿನಾ ಬರೆಯಲು ಕೂತು ನೀವು ಎಂದು ಶುರುಮಾಡುತ್ತಿದ್ದೆ, ಮುಂದಕ್ಕೆ ಹೋಗುತ್ತಿರಲಿಲ್ಲ. ನಿನ್ನ ಕಾಗದ ಬಂದಾಗ ಟಿಕೆಟ್ ತೆಗೆದಾಗಿತ್ತು. ನೆಪ ಇಲ್ಲ ಎಂದೆಯಲ್ಲ, ನೆಪ ಯಾತಕ್ಕೆ.

ಪದಬಂಧ ಬಂದ ಮುಂದಿನ ವಾರ ಉತ್ತರ ಅಚ್ಚಾಗಬೇಕು, ಅದು ಕಟ್ಟಳೆ. ಪುರವಣಿಯವರು ನಿನ್ನದನ್ನು ಇನ್ನು ಹಾಕುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಕಾಗದ ಹಿಡಿದುಕೊಂಡು ಮನೆಯಲ್ಲಿ ಓಡಾಡುತ್ತಾ ಓದಿಕೋ.

ಗೋಡೆಯ ಮೇಲೆ ತಿಂಗಳಿಗೊಂದು ಸಲ ತಿರುವುವುದು, ಕ್ಯಾಲೆಂಡರ್. ಈಗ ಜೂನ್, ತಿರುವು. ಚಹಾ ಕಲಕುವುದು, ನಡುವೆ "ಮ" ಇರುವುದು, ಚಮಚ. ತೆರೆದರೆ ಚಾವಣಿ, ಮಡಿಸಿದರೆ ಕೋಲು, ಕೊಡೆ. ಛತ್ರಿ ಎಂದರೂ ಎರಡೇ ಅಕ್ಷರ, ಯಾವುದು ಮೊದಲು ಬಂದರೆ ಅದು. ಬೀಗದೊಳಗೆ ಹಾಕಿ ತಿರುಗಿಸುವುದು, ಕೀಲಿಕೈ. ಇನ್ನೊಂದು ಮಾಡಿಸಿಡು, ನನಗೆ ಬೇಕಾಗುತ್ತದೆ. ಬಾಗಿಲ ಪಕ್ಕ ಒತ್ತಿದರೆ ಒಳಗೆ ಕೂಗುವುದು, ಕಾಲಿಂಗ್ ಬೆಲ್.

ಕಾಲು ತುಳಿದಾಗ ಹೇಳುವ ಮಾತನ್ನು ಹುಡುಕಬೇಡ. ಮೇಲಿನಿಂದ ಕೆಳಕ್ಕೆ ಏಳರಲ್ಲಿ ಅದನ್ನು ನೀನು ಹೇಳಿಯಾಗಿದೆ.

ಗೆರೆ ಎಳೆಯುವಾಗ ಹಾಳೆಯ ಮೇಲೆ ಇಡುವುದರ ಹೆಸರು ಕೆಳಗೆ, ರುಜುವಿನಲ್ಲಿದೆ. ಗಟ್ಟಿಯಾಗಿ ಓದು. ಶನಿವಾರ ಸಂಜೆ ನೀನು ಅದನ್ನು ಮರೆತಿದ್ದರೂ ಪರವಾಗಿಲ್ಲ, ಬಾಗಿಲಲ್ಲೇ ಹೇಳಿಕೊಡುತ್ತೇನೆ.

ಬೆಲ್ ರಿಪೇರಿ ಮಾಡಿಸಲು ಹೋಗಬೇಡ. ನಾನು ಬಾಗಿಲು ತಟ್ಟುತ್ತೇನೆ. ನೀನು ಮಾತ್ರ ದಿನಾ ಏಳುವ ಹಾಗೆ ಎದ್ದು ಬಾ.

ನಿನ್ನ,
ಸ್ಕೇಲು